ಇಸ್ತ್ರಿಯಜ್ಜನ ಕಾಲಿಗೆ ಬಿದ್ದ ಅಂಕ

ಇಸ್ತ್ರಿಯಜ್ಜನ ಮುತ್ತಜ್ಜ ಸೊಂಟದುದ್ದ ನೀರಿನಲ್ಲಿ ನಿಂತು, ಹೊತ್ತು ಮುಳುಗುವುದರೊಳಗೆ ಒಂದು ದಂಡಿನ ಬಟ್ಟೆಯನ್ನೆಲ್ಲ ಒಗೆದವನು. ಅಪ್ಪನೋ, ಬೀದಿಗೆ ಬೆಂಕಿ ಬಿದ್ದಾಗ ತನ್ನ ಮನೆಯನ್ನು ಅದರ ಪಾಡಿಗೆ ಬಿಟ್ಟು, ಗಿರಾಕಿಗಳ ಗಂಟು ಹೊತ್ತು ಓಡಿದ ಗಟ್ಟಿಗ. ಅಂಥವರ ವಂಶದಲ್ಲಿ ಹುಟ್ಟಿದ ಇಸ್ತ್ರಿಯಜ್ಜ ಐವತ್ತೆರಡು ವರ್ಷದಿಂದ ಒಂದೇ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಾನೆ. ಮೀನಖಂಡದ ಮೇಲೆ ನರಗಳು ಹಗ್ಗದ ಗಂಟಿನಂತೆ ಉಬ್ಬಿವೆ. ಎಡಗಾಲ ಹರಡಿನ ಹುಣ್ಣು ಎರಡು ವರ್ಷವಾದರೂ ಒಣಗಿಲ್ಲ.

ಕಿರಿಮಗಳು ಹಟ ಹಿಡಿದು ಆಸ್ಪತ್ರೆಗೆ ಎಳೆದು ತಂದಳು. ನರ್ಸಮ್ಮ ಕಾಗದ ಹಿಡಿದು ಎದುರು ಕೂತಳು.

"ಕಾಲಿನಿಂದ ನಿಮ್ಮ ಬದುಕಿಗೆಷ್ಟು ತೊಂದ್ರೆ ಅಂತ ಅಳೆಯೋದು, ಅಜ್ಜ. ಏನೂ ಇಲ್ಲ ಅಂದ್ರೆ ಒಂದು, ಆಗೋದೇ ಇಲ್ಲ ಅಂದ್ರೆ ಐದು. ಜಾಸ್ತಿ ಬಂದೋರಿಗೆ ಮೊದಲು ಆಪರೇಷನ್. ಮೆಟ್ಟಿಲು ಹತ್ತೋಕೆ ಕಷ್ಟವಾ?"

"ಅಂಗಡೀಲಿ ಮೆಟ್ಟಿಲೇ ಇಲ್ವಲ್ಲ ತಾಯಿ. ಒಂದು."

"ದೂರದ ಪ್ರಯಾಣ?"

"ನನ್ನನ್ನ ಯಾರು ಕರೀತಾರೆ? ಒಂದು."

"ನಿಂತ್ಕೊಳ್ಳೋಕೆ?"

"ಮೇಜಿಗೆ ಭಾರ ಕೊಡ್ತೀನಿ. ಎಡಗಾಲು ಸೋತ್ರೆ ಬಲಗಾಲು, ಅದೂ ಸೋತ್ರೆ ಮತ್ತೆ ಎಡಗಾಲು. ಒಂದು ಹಾಕು."

ಮಗಳಿಗೆ ರೇಗಿಹೋಯಿತು. "ಏನಪ್ಪ ಇದು, ಶಾಲೆಗೆ ಓಡೋ ಹುಡುಗನ ಕಾಲಿನ ಲೆಕ್ಕ ಕೊಡ್ತಿದ್ದೀಯಾ? ಅಕ್ಕನ ಮನೆ ಎರಡನೇ ಮಹಡೀಲಿದೆ ಅಂತ ಅಲ್ಲಿಗೆ ಕಾಲಿಟ್ಟಿಲ್ಲ ನೀನು. ಅವಳ ಮಗೂಗೆ ಮೂರು ತುಂಬ್ತು!"

ನರ್ಸಮ್ಮನ ಪೆನ್ನು ನಿಂತಿತು. ಕಾಲು ಒಲ್ಲೆ ಅಂದದ್ದನ್ನೆಲ್ಲ ಅಜ್ಜ ಒಂದೊಂದಾಗಿ ಬಿಟ್ಟಿದ್ದ: ಮೊದಲು ಮಹಡಿ, ಆಮೇಲೆ ಸಂಜೆಯ ತಿರುಗಾಟ, ಆಮೇಲೆ ಗೆಳೆಯರು. ಉಳಿದದ್ದು ಮೇಜು, ಮನೆ, ನಡುವೆ ಇಪ್ಪತ್ತು ಹೆಜ್ಜೆ. ಅಷ್ಟಕ್ಕೆ ತೊಂದರೆ ಎಲ್ಲಿಂದ ಬರಬೇಕು?

"ಹೀಗೆ ಬರೆದ್ರೆ ಪಟ್ಟೀಲಿ ಕಟ್ಟಕಡೆಗೆ ಹೋಗ್ತೀರಿ, ಅಜ್ಜ," ನರ್ಸಮ್ಮ ದನಿ ತಗ್ಗಿಸಿದಳು. "ಮೊದಲಿಂದ ಕೇಳ್ಲಾ? ನಿಮ್ಮ ಮಗಳು ಹೇಳಿದ ಹಾಗೆ ತಿದ್ದಿಕೊಳ್ತೀನಿ."

ಅಜ್ಜ ಮಡಚಿದ್ದ ಪ್ಯಾಂಟನ್ನು ಹುಣ್ಣಿನ ಮೇಲೆ ನಿಧಾನಕ್ಕೆ ಇಳಿಬಿಟ್ಟ. ಏಳಿಸಲೆಂದು ಮಗಳು ಅವನ ರಟ್ಟೆ ಹಿಡಿದಳು.

"ತಿದ್ದಬೇಡ ತಾಯಿ, ಇದ್ದ ಹಾಗೇ ಇರ್ಲಿ. ಆಪರೇಷನ್ ಅಂದ್ರೆ ಕಾಲು ಮೇಲಿಟ್ಟು ತಿಂಗಳು ಮಲಗ್ಬೇಕಂತೆ. ದಣಿದಿದ್ದೀನಿ ಕಣಮ್ಮ, ಸುಳ್ಳಲ್ಲ. ಇಷ್ಟು ದಣಿದೋನು ಒಂದ್ಸಲ ಮಲಗಿದ್ರೆ ಏಳೋಕೆ ಮನಸ್ಸು ಬರಲ್ಲ. ಕೈ ಬಿಡು ಮಗಳೇ, ನಾನೇ ಏಳ್ತೀನಿ."