ಹುಚ್ಚೀರಪ್ಪನ ಬಾಯಿ ತಿದ್ದಿದ ಶಾಂಭವಿ

ಯಳವತ್ತಿಯ ಕಸ್ತೂರೆವ್ವನ ಮಗಳು ಶಾಂಭವಿ ದಿನವೂ ಬೆಳಗಿನ ಬಸ್ಸಿಗೆ ಗದಗಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಾಳೆ. ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ, ಹೆಗಲಿನಲ್ಲಿ ಕಂಪ್ಯೂಟರಿನ ಚೀಲ, ಡಬ್ಬಿಯಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ನೋಡಿದವರಿಗೆ ವಿಶೇಷವೇನೂ ಕಾಣಿಸದು. ಭಗವಂತನು ಮನುಷ್ಯನಿಗೆ ಕರುಣಿಸಿದ ನಾಲಗೆಯ ವಿಚಾರವಾಗಿ ನಾನು ಎಷ್ಟೋ ಗುಡಿಯ ಕಟ್ಟೆಗಳ ಮೇಲೆ ಕುಳಿತು ಪ್ರವಚನ ಹೇಳಿದ್ದೇನೆ. ಆದರೆ ನಾಲಗೆಯೇ ಇಲ್ಲದ ಯಂತ್ರವೊಂದರ ಬಾಯಿಯನ್ನು ತಿದ್ದಿದವಳು ಈ ಹೆಣ್ಣುಮಗಳು. ಅವಳ ತಾಯಿ ಸೋಮವಾರದ ಪ್ರವಚನಕ್ಕೆ ಬಂದಾಗಲೆಲ್ಲ ಈ ಸಂಗತಿಯನ್ನು ತುಂಡುತುಂಡಾಗಿ ನನ್ನ ಕಿವಿಗೆ ಹಾಕಿದ್ದಳು. ಈಗ ಅದನ್ನೆಲ್ಲ ಪೋಣಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ, ಮುಚ್ಚಿಹೋದ ಮುದ್ರಣಾಲಯವೊಂದರ ಮಾಳಿಗೆಯ ಮೇಲೆ ಅವಳ ಕಚೇರಿ. ಮುಂಡರಗಿಯ ಕೊಟ್ರೇಶ ಅದರ ಯಜಮಾನ. ಟ್ರ್ಯಾಕ್ಟರು, ಕೂರಿಗೆ, ರಾಶಿ ಮಾಡುವ ಯಂತ್ರ ಮುಂತಾದವನ್ನು ರೈತರು ಮೊಬೈಲಿನಲ್ಲಿಯೇ ಬಾಡಿಗೆಗೆ ಗೊತ್ತುಮಾಡಿಕೊಳ್ಳುವಂಥ ಪ್ರೋಗ್ರಾಮನ್ನು ಅವರು ಬರೆಯುತ್ತಾರೆ. ಹೊಂಬಳದ ವೀರು, ಲಕ್ಷ್ಮೇಶ್ವರದ ಮುಸ್ತಾಕ ಇಬ್ಬರೂ ಕೊಟ್ರೇಶನ ಜೊತೆಗೆ ಮೊದಲಿನಿಂದ ಇದ್ದವರು. ಅಲ್ಲಿಗೆ ಬಂದ ಮೊದಲ ಹೆಣ್ಣು ಶಾಂಭವಿ.

ಆ ಮೂವರೂ ಒಳ್ಳೆಯ ಮನೆತನದವರು, ಒಳ್ಳೆಯ ಮನಸ್ಸಿನವರು. ಅವಳು ಬರುವ ಮೊದಲೇ ಬಚ್ಚಲಿನ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದರು. ಗಾಳಿ ಬರುವ ಕಿಟಕಿಯ ಪಕ್ಕದ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟಿದ್ದರು. ಆದರೂ ಅವಳು ಒಳಗೆ ಕಾಲಿಟ್ಟೊಡನೆ ನಗು ನಿಲ್ಲುತ್ತಿತ್ತು. ಬಾಗಿಲಿನಾಚೆ ಕೇಳಿಸಿದ ಗದ್ದಲ, ಒಳಗೆ ಬಂದರೆ ಇಲ್ಲ. ಇದೇಕೆಂದು ಅವಳಿಗೆ ಬಹಳ ದಿನ ತಿಳಿಯಲಿಲ್ಲ.

ತಿಳಿದದ್ದು ಶೇಂಗಾ ಕೀಳುವ ಕಾಲದಲ್ಲಿ. ಹಿರೇಹಂದಿಗೋಳದ ದೇವೇಂದ್ರಪ್ಪ ಎಂಬ ರೈತರು ಒಂದು ಮುಂಜಾನೆ ಕಚೇರಿಗೆ ಫೋನು ಮಾಡಿದರು.

“ನಾ ಒಂದ ಯಂತ್ರ ಕೇಳಿದ್ದೆ, ನನ್ನ ಹೊಲಕ್ಕ ಎರಡ ಬಂದು ನಿಂತಾವು. ಒಂದಕ್ಕ ಕೆಲಸ ಹೇಳ್ತೀನಿ. ಇನ್ನೊಂದಕ್ಕ ಏನ ಚಾ ಕುಡಸ್ಲೇನು?”

ಎರಡನೆಯ ಯಂತ್ರಕ್ಕಾಗಿ ಹೊಂಬಳದಲ್ಲಿ ಇನ್ನೊಬ್ಬ ರೈತ ಕಾಯುತ್ತ ಕುಳಿತಿದ್ದ. ತಪ್ಪು ಶಾಂಭವಿ ಬರೆದ ಭಾಗದಲ್ಲಿತ್ತು: ಇಡೀ ದಿನದ ಬಾಡಿಗೆಯನ್ನು ಅದು ಎರಡು ಅರ್ಧ ದಿನಗಳೆಂದು ಎಣಿಸಿ, ಒಂದೊಂದಕ್ಕೆ ಒಂದೊಂದು ಯಂತ್ರ ಕಳಿಸಿತ್ತು.

“ಅರ್ಧ ದಿನದ ಬಾಡಿಗಿ ತಗದು ಇಡೀ ದಿನದ್ದ ಮಾಡೂಣು ಅಂತ ತೀರ್ಮಾನ ಆಗಿತ್ತಲ್ಲವಾ,” ಎಂದ ಕೊಟ್ರೇಶ.

“ಎಲ್ಲೆ ಆಗಿತ್ತರಿ?”

ಮುಸ್ತಾಕ ತಲೆ ತಗ್ಗಿಸಿ ಹೇಳಿದ: “ಕಟ್ಟಿ ಮ್ಯಾಲ ಆಗಿತ್ತು ಅಕ್ಕಾ.”

ಅವರ ಮೊಬೈಲಿನಲ್ಲಿ ಎರಡು ಗುಂಪುಗಳಿದ್ದವು. ನಾಲ್ವರೂ ಇದ್ದ ಗುಂಪಿನಲ್ಲಿ ಶುಭೋದಯ, ಹಬ್ಬದ ಹಾರೈಕೆ, ರಜೆಯ ಸುದ್ದಿ. ಹರಟೆಯ ಕಟ್ಟೆಯೆಂಬ ಅರ್ಥದಲ್ಲಿ ‘ಕಟ್ಟಿ’ ಎಂದು ಹೆಸರಿಟ್ಟ ಇನ್ನೊಂದರಲ್ಲಿ ಮೂವರು ಗಂಡಸರು ಮತ್ತು ಹುಚ್ಚೀರಪ್ಪ. ಹುಚ್ಚೀರಪ್ಪನು ಮನುಷ್ಯನಲ್ಲ, ವೀರು ಬರೆದ ಒಂದು ಸಣ್ಣ ಪ್ರೋಗ್ರಾಂ. ಯಾರಾದರೂ ತಾವು ಬರೆದುದನ್ನು ಎಲ್ಲರ ಪ್ರೋಗ್ರಾಮಿಗೆ ಕೂಡಿಸಿದಾಗ ಒಟ್ಟು ಕೆಲಸ ಕೆಟ್ಟರೆ, ಹುಚ್ಚೀರಪ್ಪ ಅವರ ಹೆಸರು ಹಿಡಿದು ಕಟ್ಟೆಯ ಮೇಲೆ ಒಂದು ಬೈಗುಳ ಒದರುತ್ತಿದ್ದ. ಅವನಿಗೆ ಬೈಗುಳಗಳನ್ನು ಮೂವರೂ ಸೇರಿ ಕಲಿಸಿದ್ದರು. ಅವನು ಒದರಿದ ಮೇಲೆ ನಗು, ನಗುವಿನ ನಡುವೆ ತಪ್ಪು ಹುಡುಕುವುದು, ಹುಡುಕುತ್ತಲೇ ಮುಂದಿನ ತೀರ್ಮಾನ. ನಿಜವಾದ ಕಚೇರಿ ಅಲ್ಲಿಯೇ ನಡೆಯುತ್ತಿತ್ತು. ಹೆಣ್ಣುಮಗಳ ಕಿವಿಗೆ ಆ ಮಾತುಗಳು ಬೀಳಬಾರದೆಂಬ ಮರ್ಯಾದೆಯಿಂದ ಅವಳನ್ನು ಹೊರಗಿಟ್ಟಿದ್ದರು. ಮರ್ಯಾದೆಯಿಂದ ಹೊರಗಿಟ್ಟರೂ ಹೊರಗಿದ್ದವಳು ಹೊರಗೇ ಅಲ್ಲವೆ?

ಮರುದಿನ ಕೊಟ್ರೇಶ ಅವಳನ್ನು ಕರೆದು ಮೃದುವಾಗಿ ಹೇಳಿದ: “ತಂಗಿ, ಮುಂಡರಗಿ ಕಡೆ ಅಂಗಡಿಯವರಿಗೆ ನಮ್ಮ ಆ್ಯಪ್ ಕಲಿಸಾಕ ಒಬ್ರು ಬೇಕಾಗ್ಯಾರ. ನಿನ್ನ ಮಾತು ಭಾಳ ಛಲೋ ಐತಿ. ಪ್ರೋಗ್ರಾಂ ಬರಿಯೂ ತ್ರಾಸು ನಮಗಿರ್ಲಿ.”

ಕಸ್ತೂರೆವ್ವ ಊರವರ ಹೊಲದಲ್ಲಿ ದುಡಿದು ಮಗಳನ್ನು ಓದಿಸಿದ್ದಳು. ಬರೆದ ನಾಲ್ಕು ಸಾಲು ಎಲ್ಲಿಯೋ ಒಂದು ಯಂತ್ರವನ್ನು ಒಬ್ಬ ರೈತನ ಹೊಲಕ್ಕೆ ನಡೆಸಿಕೊಂಡು ಹೋಗುವುದನ್ನು ಕಂಡಾಗ ಶಾಂಭವಿಗೆ ಆಗುತ್ತಿದ್ದ ಆನಂದವನ್ನು ನಾನು ಪೂಜೆಯ ಆನಂದಕ್ಕೆ ಕಡಿಮೆಯೆನ್ನಲಾರೆ. ಆ ಕೆಲಸ ಕೈತಪ್ಪುತ್ತಿರುವುದು ಅವಳಿಗೆ ಸ್ಪಷ್ಟವಾಯಿತು.

“ನಾ ಎಲ್ಲೆ ಕುಂದ್ರಬೇಕು ಅನ್ನೂದನ್ನ ನನ್ನ ಬಿಟ್ಟು ಮಾತಾಡ್ತೀರೇನ್ರಿ ಅಣ್ಣಾರ?” ಎಂದಳು. “ಮೊದಲ ನನ್ನ ಕಟ್ಟಿಗೆ ಸೇರಸ್ರಿ.”

“ಅಲ್ಲಿ ಮಾತು ಛಲೋ ಇರಂಗಿಲ್ಲವಾ.”

“ಛಲೋ ಇಲ್ಲದ ಮಾತಿನ ನಡುವ ನನ್ನ ಕೆಲಸದ ಮಾತು ಸಿಕ್ಕೊಂಡೈತಿ. ಅದನ್ನ ಆರಿಸಿ ತಗೋಳಾಕರ ಬರ್ತೀನಿ.”

ಸೇರಿಸಿದರು. ಅಂದಿನಿಂದ ಕಟ್ಟೆ ಮಸೀದಿ-ಗುಡಿಗಳಿಗಿಂತ ಶಾಂತವಾಯಿತು. ವೀರು ಕೈಜೋಡಿಸಿದ ಚಿತ್ರ ಕಳಿಸಿದ. ಮುಸ್ತಾಕ ಅದಕ್ಕೆ ಇನ್ನೊಂದು ಕೈಜೋಡಿಸಿದ. ಅಷ್ಟೇ ಮಾತು. ಆದರೆ ಹುಚ್ಚೀರಪ್ಪನಿಗೆ ಈ ಬದಲಾವಣೆಯನ್ನು ಯಾರೂ ತಿಳಿಸಿರಲಿಲ್ಲ.

ಆ ವಾರವೇ, ಮಧ್ಯಾಹ್ನ ಎಲ್ಲರೂ ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತ ಕುಳಿತಾಗ, ಶಾಂಭವಿ ಕೂಡಿಸಿದ ಭಾಗ ಕೆಟ್ಟಿತು. ನಾಲ್ಕೂ ಮೊಬೈಲುಗಳು ಒಮ್ಮೆಲೆ ಸದ್ದು ಮಾಡಿದವು. ಅವಳ ಹೆಸರಿನ ಮುಂದೆ ಹುಚ್ಚೀರಪ್ಪ ಒದರಿದ್ದನ್ನು ನಾನಿಲ್ಲಿ ಬರೆಯಲಾರೆ. ವಿಧವೆಯ ಹೊಟ್ಟೆಯಲ್ಲಿ ಹುಟ್ಟಿದವನೆಂದು ಹೀನಾಯವಾಗಿ ಕರೆಯುವ ಆ ಮಾತನ್ನು ನಮ್ಮ ಭಾಗದಲ್ಲಿ ಕೇಳದವರಿಲ್ಲ. ಗೆಳೆಯ ಗೆಳೆಯನಿಗೆ ಅಂದು ಬೆನ್ನು ತಟ್ಟುತ್ತಾನೆ. ರೈತ ಎತ್ತಿಗೆ ಅಂದು ಹುಲ್ಲು ಹಾಕುತ್ತಾನೆ.

ಮುಸ್ತಾಕ ಅದನ್ನು ಅಳಿಸಲು ಕೈ ಹಾಕಿದ.

“ಅಳಸಬ್ಯಾಡ ಮುಸ್ತಾಕ,” ಎಂದಳು ಶಾಂಭವಿ. ಅವಳ ಧ್ವನಿ ಏರಲಿಲ್ಲ. “ಹುಚ್ಚೀರಪ್ಪ ನನ್ನವ್ವನ್ನ ಕರದಾನ. ನನ್ನವ್ವ ಖರೇನ ಗಂಡನ್ನ ಕಳಕೊಂಡಾಕಿ. ಇಷ್ಟೊತ್ತಿಗೆ ಹೊಲದಾಗ ಶೇಂಗಾ ಹರಿಯಾಕತ್ತಿರಬೇಕು. ಅಕಿ ಏನೂ ಕೆಡಿಸಿಲ್ಲ. ಪ್ರೋಗ್ರಾಂ ಕೆಡಿಸಿದಾಕಿ ನಾ.”

ಕೊಟ್ರೇಶನ ಕೈಯೊಳಗಿನ ತುತ್ತು ಹಾಗೆಯೇ ಉಳಿಯಿತು. “ಅರ್ಥ ನೋಡಿ ಅನ್ನೂ ಮಾತಲ್ಲವಾ ಅದು. ರೂಢಿ ಮಾತು.”

“ನೀವು ವೀರೂಗ ಬೈದಾಗ ನಿಮ್ಮ ಮುಖ ನಗತಿರ್ತೈತಿ, ಕೈ ಅವನ ಬೆನ್ನ ಮ್ಯಾಲ ಇರ್ತೈತಿ. ಹುಚ್ಚೀರಪ್ಪಗ ಮುಖ ಎಲ್ಲೈತ್ರಿ? ಕೈ ಎಲ್ಲೈತಿ? ಬೈಗಳ ಒಂದ ಐತಿ ಅವನ ಕಡೆ.”

ವೀರುವಿನ ಮುಖ ಕೆಂಪಾಗಿತ್ತು. ಆದರೂ ಅವನ ಬಾಯಿ ಸುಮ್ಮನಿರುವಂಥದಲ್ಲ. “ಹಂಗಾದ್ರ ನಾಳಿಂದ ಹುಚ್ಚೀರಪ್ಪ ಪ್ರವಚನ ಹೇಳ್ತಾನ ತಗೋರಿ. ಜಲ್ದಿ ಏಳ್ರಿ, ಜಳಕ ಮಾಡ್ರಿ, ಸುಳ್ಳ ಹೇಳಬ್ಯಾಡ್ರಿ ಅಂತ. ನಾವೆಲ್ಲಾರೂ ಕುಂತಲ್ಲೇ ತೂಕಡಸೂಣು.”

ಅವನು ನಮ್ಮಂಥವರ ಮೇಲೆ ಎಸೆದ ಈ ಮಾತಿಗೆ ನಾನಂತೂ ನಕ್ಕಿದ್ದೇನೆ. ಅವನ ಭಯವೂ ಸುಳ್ಳಲ್ಲ. ನಗುವಿಲ್ಲದ ಒಳ್ಳೆಯತನ ಬಹಳ ದೂರ ನಡೆಯದು.

ಆಗ ಮುಸ್ತಾಕ ಬಾಯಿ ಬಿಟ್ಟ. “ನಮ್ಮ ಜಾತಿ ಹಿಡದು ಬರದವೂ ಆ ಬೈಗಳದಾಗ ಅದಾವು, ವೀರೂ.”

“ನೀನೂ ನಗತಿದ್ದೆಲ್ಲೋ ಲೇ. ಒಂದ ಮಾತರ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನನ್ನ ಬಿಟ್ಟು ಇನ್ನೊಂದ ಗುಂಪ ಮಾಡ್ತಿದ್ರಿ.”

ಕೊಟ್ರೇಶ ತಟ್ಟೆಯನ್ನು ಬದಿಗಿಟ್ಟು ಶಾಂಭವಿಯ ಕಡೆ ತಿರುಗಿದ. “ಮುಂದ ಏನ ಮಾಡೂಣಂತಿ ಶಾಂಭವಿ?”

“ನಗಿ ಬಿಡೂದು ಬ್ಯಾಡ. ಹುಚ್ಚೀರಪ್ಪನ್ನ ನನ್ನ ಕೈಯಾಗ ಕೊಡ್ರಿ.”

“ಜ್ವಾಳದ ಸುಗ್ಗಿ ಮುಗಿಯೂತನಕ ಕೊಡ್ತೀನಿ. ಆಮ್ಯಾಲೂ ಕಟ್ಟಿ ಹಿಂಗ ಸತ್ತಂಗ ಬಿದ್ದಿದ್ರ ಕೆಲಸ ನಡಿಯಂಗಿಲ್ಲ. ಅವಾಗ ಹುಚ್ಚೀರಪ್ಪ ನಮಗ, ಮುಂಡರಗಿ ನಿನಗ. ಆತೇನು?”

“ಆತ್ರಿ,” ಎಂದಳು.

ಒಪ್ಪಿಕೊಂಡು ಬಂದಳೇನೋ ನಿಜ. ಬೈಗುಳವಿಲ್ಲದೆ ನಗಿಸುವುದು ಹೇಗೆಂದು ಬಸ್ಸಿನುದ್ದಕ್ಕೂ ಚಿಂತೆ. ಮನೆಗೆ ಬಂದರೆ ತಾಯಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಈ ಕಸ್ತೂರೆವ್ವ ಬೀಗರ ಹಾಡಿನಲ್ಲಿ ಸುತ್ತ ಊರುಗಳಿಗೆಲ್ಲ ಹೆಸರಾದವಳು. ಮದುವೆಯಲ್ಲಿ ಊಟಕ್ಕೆ ಕುಳಿತ ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲಿ ಬೈದು ಗೋಳು ಹೊಯ್ದುಕೊಳ್ಳುವ ನಮ್ಮ ರೂಢಿ ನಿಮಗೆ ಗೊತ್ತೇ ಇದೆ. ಗಂಡ ತೀರಿದ ಮೇಲೆ ಆಕೆಯನ್ನು ಮದುವೆಯ ಹಂದರದಲ್ಲಿ ಕೂರಿಸುವುದನ್ನು ಜನ ಬಿಟ್ಟರು. ಆದರೆ ಆಕೆಯ ಹಾಡು ಬಿಡಲಾರದೆ, ಅಡಿಗೆಮನೆಯ ಬಾಗಿಲಿನ ಹಿಂದೆ ಕೂರಿಸಿ ಹಾಡಿಸಿದರು. ಕೊರಳಿನ ಇಷ್ಟಲಿಂಗಕ್ಕೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲವೆಂದು ನಾವು ಹೇಳುತ್ತಲೇ ಇದ್ದೇವೆ. ಹಂದರ ಇನ್ನೂ ಕೇಳಿಸಿಕೊಂಡಿಲ್ಲ.

“ಯವ್ವಾ, ನೀ ಬೀಗರಿಗೆ ಅಷ್ಟ ಬೈತಿದ್ದಿ. ಒಬ್ರರ ಸಿಟ್ಟಾಗಿ ಎದ್ದು ಹೋಗ್ಯಾರೇನು?”

“ಯಾಕ ಹೋಗ್ತಾರ? ಶಿರಹಟ್ಟಿ ಬೀಗ ಒಬ್ಬಾಂವ ತುಪ್ಪದ ಗಿಂಡಿ ತನ್ನ ಮುಂದ ಇಟ್ಕೊಂಡು ಬಿಡವಲ್ಲ. ಅದನ್ನ ಹಿಡದು ಹಾಡಿದ್ನಿ. ಇಡೀ ಪಂಕ್ತಿ ನಕ್ಕಿತು, ಅವನೂ ನಕ್ಕ, ಗಿಂಡಿನೂ ಮುಂದ ಹೋತು. ಅವಂದು ಒಂದ ಕಾಲ ಕುಂಟಿತ್ತು. ಅದನ್ನ ಹಾಡಿದ್ರ ಗಿಂಡಿ ಬರ್ತಿತ್ತೇನು?”

ಶಾಂಭವಿಯೂ ಪಕ್ಕದಲ್ಲಿ ಕುಳಿತು ಶೇಂಗಾ ಸುಲಿಯತೊಡಗಿದಳು.

“ಮತ್ತ ಮೊದಲನೇ ಹಾಡು ಯಾವಾಗ್ಲೂ ನಮ್ಮ ಮನಿ ಮ್ಯಾಲ ಕಟ್ತಿದ್ನಿ,” ಎಂದಳು ತಾಯಿ. “ನಮ್ಮ ಸಾರಿಗೆ ಉಪ್ಪಿಲ್ಲ ಅಂತ. ಆಮ್ಯಾಲ ಯಾರಿಗೂ ಸಿಟ್ಟ ಬರಂಗಿಲ್ಲ.”

ಶಾಂಭವಿ ಹುಚ್ಚೀರಪ್ಪನ ಬೈಗುಳಗಳನ್ನೆಲ್ಲ ತೆಗೆದು, ಯಾವ ಬಗೆಯ ತಪ್ಪಿಗೆ ಯಾವ ಮಾತೆಂದು ಅವನಿಗೆ ಹೊಸದಾಗಿ ಕಲಿಸಿದಳು. ಮರುವಾರ ವೀರು ಬೇಕೆಂದೇ ಒಂದು ತಪ್ಪು ಮಾಡಿ ಹುಚ್ಚೀರಪ್ಪನನ್ನು ಕೆಣಕಿದ. ಹುಚ್ಚೀರಪ್ಪ ಕಟ್ಟೆಗೆ ಬಂದ.

“ವೀರಣ್ಣಾರು ಹೊಂಬಳದ ಬಸ್ಸಿನಾಗ ಕುಂತು ಮುಂಡರಗಿ ಟಿಕೀಟ ಕೇಳ್ಯಾರ. ಕಂಡಕ್ಟರ್ ಇಳಿಸಿ ಹೋಗ್ಯಾನ. ಆದ್ರೂ ಅಂಜಬ್ಯಾಡ್ರಿ, ಒಬ್ಬ ರೈತಗ ಎರಡ ಯಂತ್ರ ಕಳಿಸಿದ ಶಾಂಭವಿ ಅಕ್ಕಾರು ಅದ ನಿಲ್ದಾಣದಾಗ ಕುಂತಾರ. ಇಬ್ರೂ ಕೂಡಿ ಚಾ ಕುಡೀರಿ.”

ಕೊಟ್ರೇಶ ಕುರ್ಚಿಯಿಂದ ಜಾರುವಷ್ಟು ನಕ್ಕ. ವೀರು ತಾನು ಬೇಕೆಂದೇ ಕೆಡಿಸಿದ ಸಾಲಿಗೆ ಆ ಮಾತನ್ನು ಹೋಲಿಸಿ ನೋಡಿದ. ಹುಚ್ಚೀರಪ್ಪ ಹೇಳಿದ್ದು ಸರಿಯಾಗಿಯೇ ಇತ್ತು, ವೀರು ಒಂದು ಊರಿನ ಯಂತ್ರವನ್ನು ಇನ್ನೊಂದು ಊರಿನಲ್ಲಿ ಹುಡುಕಿಸಿದ್ದ. ಹಳೆಯ ಬೈಗುಳದಿಂದ ತಪ್ಪು ಎಲ್ಲಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

“ಅಕ್ಕಾರ, ಇದು ಬೈಗಳಕ್ಕಿಂತ ಹೆಚ್ಚ ಉರೀತೈತಿ,” ಎಂದ ವೀರು. ಅಂದು ಸಂಜೆಯೇ ಹುಚ್ಚೀರಪ್ಪನಿಗೆ ಕಲಿಸಲು ತಾನೂ ಎರಡು ಮಾತು ಬರೆದುಕೊಟ್ಟ.

ಶಾಂಭವಿಯೂ ಒಮ್ಮೆ ಎಡವಿದಳು. ಮುಸ್ತಾಕ ತಡವಾಗಿ ಬರುವುದನ್ನು ಹಿಡಿದು ಹುಚ್ಚೀರಪ್ಪನಿಂದ ಒಂದು ಮಾತು ಆಡಿಸಿದಳು. ಯಾರೂ ನಗಲಿಲ್ಲ. ಅವನು ತಂದೆಯನ್ನು ದವಾಖಾನೆಗೆ ಕರೆದೊಯ್ದು ಬರುತ್ತಿದ್ದನೆಂದು ಆಮೇಲೆ ತಿಳಿಯಿತು. “ತಡ ಆಗೂದು ನನ್ನ ಪ್ರೋಗ್ರಾಂ ಅಲ್ಲ ಅಕ್ಕಾ,” ಎಂದಷ್ಟೇ ಅವನು ಹೇಳಿದ. ಅವಳು ಎಲ್ಲರೆದುರು ತಪ್ಪಾಯಿತೆಂದು ಹೇಳಿ ಆ ಮಾತನ್ನು ತೆಗೆದುಹಾಕಿದಳು. ಬರೆದ ಕೆಲಸವನ್ನು ಬಿಟ್ಟು ಬೇರೇನನ್ನೂ ಹುಚ್ಚೀರಪ್ಪ ಮುಟ್ಟಬಾರದೆಂಬುದು ಅಂದಿನಿಂದ ಕಟ್ಟೆಯ ಶಾಸನವಾಯಿತು.

ಜೋಳದ ಸುಗ್ಗಿ ಬಂತು. ಎಲ್ಲ ಊರುಗಳಿಂದಲೂ ಒಮ್ಮೆಲೆ ಯಂತ್ರಗಳಿಗೆ ಬೇಡಿಕೆ. ಕಟ್ಟೆಯ ಮೇಲೆ ಹುಚ್ಚೀರಪ್ಪ ಬಿಡುವಿಲ್ಲದೆ ಮಾತಾಡಿದ. ನಾಲ್ವರೂ ನಗುತ್ತ, ಜಗಳಾಡುತ್ತ ದುಡಿದರು. ಅಂಥದೊಂದು ನಗುವಿನ ನಡುವೆ ಕೊಟ್ರೇಶ ಬರೆದ: “ಸಂಜಿಗೆ ಕೆಲಸ ಮುಗಿದ ಯಂತ್ರನ ಅಲ್ಲೇ ನಿಲ್ಲಸೂದು ಬ್ಯಾಡ, ಮುಂದಿನ ಊರಿಗೆ ತಾನಾಗೇ ಬಾಡಿಗಿಗೆ ಗೊತ್ತಾಗಲಿ.” ವೀರು ಆಗಲೇ ಒಪ್ಪಿಗೆಯ ಹೆಬ್ಬೆರಳು ಎತ್ತಿದ್ದ.

“ತಡೀರಿ,” ಎಂದು ಶಾಂಭವಿ ಬರೆದಳು. “ಯಂತ್ರ ಹೋಗ್ತೈತಿ, ಡ್ರೈವರ್ ಊಟ ಯಾವಾಗ ಮಾಡ್ಬೇಕು? ಹಗಲೆಲ್ಲಾ ರಾಶಿ ಮಾಡಿದಾಂವ ನಿದ್ದಿಗಣ್ಣಿನಾಗ ರಸ್ತಾಕ್ಕ ಇಳೀತಾನ.”

ಕೊಟ್ರೇಶ ಮೊಬೈಲು ಕೆಳಗಿಟ್ಟು ಎದ್ದು ಅವಳ ಮೇಜಿನ ಹತ್ತಿರ ಬಂದ. ಅವನ ಸ್ವಂತ ಅಣ್ಣ ಡ್ರೈವರ್. “ಇದು ನನಗ ಹೊಳಿಬೇಕಿತ್ತು,” ಎಂದ. “ನೀ ಕಟ್ಟಿ ಮ್ಯಾಲ ಇರದಿದ್ರ ಈ ಮಾತು ಹಂಗ ದಾಟಿ ಹೋಗ್ತಿತ್ತು. ಈ ಭಾಗ ನೀನ ಬರಿ.”

“ಮತ್ತ ಮುಂಡರಗಿ?”

“ಮುಂಡರಗಿ ನನ್ನ ಊರು. ನಾನ ಹೋಗ್ತೀನಿ. ನೀ ಇಲ್ಲೇ ಕುಂದ್ರು.”

ಅವನು ತನ್ನ ಕುರ್ಚಿಗೆ ಮರಳುವಷ್ಟರಲ್ಲಿ ಹುಚ್ಚೀರಪ್ಪ ಕಟ್ಟೆಗೆ ಬಂದು, ಯಜಮಾನರು ಡ್ರೈವರನ ಬುತ್ತಿಯನ್ನು ಯಂತ್ರಕ್ಕೆ ಉಣಿಸಹೊರಟಿದ್ದಾರೆಂದು ಊರಿಗೆಲ್ಲ ಸಾರಿದ್ದ. ಅದನ್ನು ಬರೆದವನು ಮುಸ್ತಾಕ.

ಬೇಸಿಗೆಯಲ್ಲಿ ವೀರುವಿನ ತಂಗಿಯ ಮದುವೆ ಹೊಂಬಳದಲ್ಲಿ ಗೊತ್ತಾಯಿತು. ಅವನು ಲಗ್ನಪತ್ರಿಕೆಯನ್ನು ಶಾಂಭವಿಯ ಮೇಜಿನ ಮೇಲಿಟ್ಟು, “ನಿಮ್ಮವ್ವನ್ನ ಕರ್ಕೊಂಡು ಬರ್ರಿ. ಬೀಗರು ಭಾಳ ಸೊಕ್ಕಿನವರು ಅದಾರ, ಹಾಡಾಕ ಬೇಕು,” ಎಂದ.

“ಎಲ್ಲೆ ಕುಂಡ್ರಸ್ತಿ ನಮ್ಮವ್ವನ್ನ?”

ವೀರು ಈ ಸಲ ತಮಾಷೆ ಮಾಡಲಿಲ್ಲ. “ಹಂದರದಾಗ, ಮುಂದಿನ ಸಾಲಿನಾಗ. ನಮ್ಮವ್ವಗ ಹೇಳೇ ಬಂದೀನಿ.”

“ಹಂಗಾದ್ರ ಬರ್ತೇವಿ,” ಎಂದು ಶಾಂಭವಿ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡಳು. “ಆದ್ರ ಮೊದಲನೇ ಹಾಡು ನಿನ್ನ ಮ್ಯಾಲ ಇರ್ತೈತಿ ನೋಡು. ಮನಿ ಮಂದಿಯಿಂದ ಸುರು ಮಾಡ್ತಾಳ ಅಕಿ.”