ಘಾಟಿನಲ್ಲಿ ಹಸಿರು ಟವೆಲ್

ದೆವ್ವ-ಗಿವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಹೊಸಪೇಟೆಯಲ್ಲಿ ಟೀ ಅಂಗಡಿಗೊಬ್ಬರು ಅಂಥವರು ಸಿಗುತ್ತಾರೆ. ಅವರ ಮಾತು ಮುಗಿಯುವ ಮೊದಲೇ ಎದ್ದು ಬರುತ್ತಿದ್ದವನು ನಾನು. ಈಗ ನಾನೇ ಇಂಥದ್ದೊಂದನ್ನು ಹೇಳಬೇಕಾಗಿದೆ ಎನ್ನುವುದಕ್ಕೇ ಸಿಟ್ಟು ಬರುತ್ತದೆ. ದೆವ್ವ ಕಂಡೆ ಎಂದು ಇವತ್ತಿಗೂ ಹೇಳುವುದಿಲ್ಲ. ಏನು ಕಂಡೆ ಎನ್ನುವುದೂ ಗೊತ್ತಿಲ್ಲ.

ಮಲಪನಗುಡಿಯ ವೀರೇಶ ನನ್ನ ಸೈಕಲ್ ಜೊತೆಗಾರ. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಕೊರಳಿಗೆ ಯಾವಾಗಲೂ ಒಂದು ಹಸಿರು ಟವೆಲ್. ಏರು ಬಂತೆಂದರೆ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ. ಅವನ ಬೆನ್ನು ನೋಡುತ್ತ ಏದುಸಿರು ಬಿಡುವುದು ನನ್ನ ಪಾಡು. ಆಮೇಲೆ ಮೊಣಕಾಲಿನ ಆಪರೇಷನ್ ಆಗಿ ಬಹಳ ದಿನ ಅವನು ಸೈಕಲ್ ಮುಟ್ಟಲಿಲ್ಲ. ಮತ್ತೆ ಧೈರ್ಯ ಬಂದಾಗ ಸಂಡೂರು ಘಾಟಿಗೇ ಹೋಗೋಣವೆಂದು ಹಟ ಹಿಡಿದ. ಅವನ ಹೆಂಡತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

“ಅಣ್ಣಾ, ಘಾಟ್‌ನ್ಯಾಗ ಅವರನ್ನ ಒಬ್ಬರನ್ನ ಬಿಟ್ಟು ಹೋಗಬ್ಯಾಡ್ರಿ. ಕಾಲು ಮತ್ತ ಕೆಟ್ರ ಭಾಳ ಕಷ್ಟ ಅಂದಾರ ಡಾಕ್ಟರು.”

“ಬಿಡೂದಿಲ್ಲಮ್ಮ” ಎಂದು ಮಾತು ಕೊಟ್ಟೆ.

ಏರಿನಲ್ಲಿ ಭಾರ ಕಡಿಮೆಯಾಗಲಿ ಎಂದು ಸಾಮಾನು ಹಂಚಿಕೊಳ್ಳುವುದು ನಮ್ಮ ರೂಢಿ. ಪಂಪು, ಟ್ಯೂಬು ನನ್ನ ಚೀಲದಲ್ಲಿ. ನೀರು, ತಿನ್ನಲು ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಪೊಟ್ಟಣ ಅವನದರಲ್ಲಿ. ಜೊತೆಗೇ ಹೋಗುವವರಿಗೆ ಅಷ್ಟು ಸಾಕಾಗುತ್ತಿತ್ತು.

ಘಾಟಿನ ಬುಡದಲ್ಲಿ ನನ್ನ ಚೈನ್ ಕಳಚಿತು. “ನೀ ಹಾಕ್ಕೊಂಡು ಬಾರಲೇ, ನಾ ಸಾವಕಾಶ ಹೊಂಟಿರ್ತೀನಿ” ಎಂದು ವೀರೇಶ ಮುಂದೆ ಹೋದ. ನಾನು ಚೈನ್ ಕೂರಿಸಿ, ಕೈಗೆ ಮೆತ್ತಿದ ಗ್ರೀಸು, ಅದಿರಿನ ಕೆಂಪು ಧೂಳು ಎಲ್ಲ ಪ್ಯಾಂಟಿಗೇ ಒರೆಸಿಕೊಂಡು ಹೊರಟೆ. ಮೊದಲನೇ ತಿರುವಿನಲ್ಲಿ ಯಾರೂ ಇರಲಿಲ್ಲ. ಎರಡನೇ ತಿರುವಿಗೆ ಕಂಡ. ಕೊರಳಲ್ಲಿ ಅದೇ ಹಸಿರು ಟವೆಲ್. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ, ಥೇಟ್ ಮೊದಲಿನ ಹಾಗೆ.

“ಲೇ ವೀರೇಶ, ಕುಂತು ತುಳಿಯಲೇ! ಕಾಲಿನ ನೆನಪೈತಿಲ್ಲೋ?” ಎಂದು ಕೂಗಿದೆ. ತಿರುಗಿಯೂ ನೋಡಲಿಲ್ಲ. ನಾನು ಜೋರು ತುಳಿದರೆ ಅವನೂ ಜೋರು. ನಾನು ಸೋತು ನಿಂತರೆ ಮುಂದಿನ ತಿರುವಿನಲ್ಲಿ ಟವೆಲ್ ಕಾಣುವಷ್ಟೇ ದೂರ. ಬಾಯಿ ಒಣಗಿತ್ತು, ನೀರು ನೋಡಿದರೆ ಅವನ ಹತ್ತಿರ. ನನಗೆ ಮೈಯೆಲ್ಲ ಉರಿದುಹೋಯಿತು. ಮಾತು ಕೊಟ್ಟವನು ನಾನು, ಹುಡುಗಾಟ ಇವನಿಗೆ! ಬಾಯಿಗೆ ಬಂದಂತೆ ಬೈಯುತ್ತ ಘಾಟು ಹತ್ತಿದೆ.

ಮೇಲೆ ಅವನಿರಲಿಲ್ಲ. ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ಕೇಳಿದೆ. “ಸೈಕಲ್‌ನವರು ಯಾರೂ ಬಂದಿಲ್ರಿ, ನೀವ ಮೊದಲು” ಎಂದಳು. ಇರುವುದು ಒಂದೇ ರಸ್ತೆ, ಅಡ್ಡದಾರಿಯೂ ಇಲ್ಲ. ಫೋನು ಹತ್ತಲಿಲ್ಲ. ಶಪಿಸುತ್ತ ಸೈಕಲ್ ತಿರುಗಿಸಿ ಇಳಿದೆ.

ಅರ್ಧ ದಾರಿಗಿಂತ ಕೆಳಗೆ ವೀರೇಶ ಕುಂಟುತ್ತ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹಿಂದಿನ ಗಾಲಿ ಪೂರ್ತಿ ಕೂತಿತ್ತು, ಮೊಣಕಾಲು ಊದಿತ್ತು. ನಾನು ಯಾರನ್ನೂ ಕಾಣದ ಆ ಮೊದಲನೇ ತಿರುವಿನಲ್ಲೇ ಜಾಲಿಮುಳ್ಳು ಚುಚ್ಚಿತ್ತಂತೆ. ಅಲ್ಲೇ ಕಟ್ಟೆಯ ಮೇಲೆ ಕೂತು ನನ್ನ ಪಂಪಿಗಾಗಿ ಕಾಯುತ್ತಿದ್ದನಂತೆ.

“ನನ್ನ ಮುಂದಿಂದನ ಹೋದಿಯಲ್ಲಲೇ” ಎಂದ. “ಪಂಪು ಕೊಡಲೇ ಅಂತ ಒದರಿದೆ. ನಿಂತು ನನ್ನ ಮಾರಿ ನೋಡಿದಿ. ನಕ್ಕಿ. ಹೋದಿ.”

ನಾನು ಕಂಡದ್ದನ್ನೆಲ್ಲ ಹೇಳಿದೆ. “ಸಾಕ್ ಬಿಡು” ಎಂದು ಪಂಪಿಗೆ ಕೈ ಚಾಚಿದ. ಹಸಿರು ಟವೆಲ್ ಅವನ ಕೊರಳಲ್ಲೇ ಇತ್ತು.

ಮತ್ತೆ ಅವನು ಸೈಕಲ್ ಹತ್ತಲಿಲ್ಲ, ಕಾಲು ಒಪ್ಪಲಿಲ್ಲ. ಅವರ ಮನೆಗೆ ಹೋದರೆ ಈಗಲೂ ಚಹಾ ಸಿಗುತ್ತದೆ. ಅವನ ಹೆಂಡತಿ “ಬರ್ರಿ, ಕುಂದ್ರಿ” ಎನ್ನುತ್ತಾಳೆ, “ಅಣ್ಣಾ” ಎನ್ನುವುದಿಲ್ಲ. ನನ್ನದೇನು ತಪ್ಪು ಎಂದು ಕೂಗಬೇಕೆನಿಸುತ್ತದೆ, ಸುಮ್ಮನೆ ಚಹಾ ಕುಡಿದು ಬರುತ್ತೇನೆ.

ಬಿಸಿಲು, ನೀರಡಿಕೆ, ಭ್ರಮೆ ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡಿದ್ದೇನೆ. ನಾನು ಯಾರ ಬೆನ್ನು ಹತ್ತಿದ್ದೆ ಎನ್ನುವುದು ಹಾಳಾಗಿ ಹೋಗಲಿ. ಆ ದಿನ ಘಾಟಿನ ಉದ್ದಕ್ಕೂ ನಾನು ಒಮ್ಮೆಯೂ ನಕ್ಕಿಲ್ಲ. ಹಾಗಾದರೆ ನನ್ನ ಮುಖ ಹೊತ್ತು, ವೀರೇಶನನ್ನು ನೋಡಿ ನಕ್ಕು ಹೋದವನು ಯಾರು?