ಅತ್ತೆ ಬಯಸಿದ ಉಪಗ್ರಹ

ಅತ್ತೆಗೆ ದನಿ ಇದ್ದಾಗ ನಾನು ಅವರ ಜೊತೆ ಸರಿಯಾಗಿ ಮಾತಾಡಲೇ ಇಲ್ಲ. ಗದಗಿನಿಂದ ಮದುವೆಯಾಗಿ ಬಂದ ಹೊಸತು. ವಿಜಯವಾಡದ ಅವರ ತೆಲುಗು ಬ್ಯಾರೇಜಿನ ಗೇಟು ಎತ್ತಿದ ಹಾಗೆ ನುಗ್ಗಿ ಬರುತ್ತಿತ್ತು. ನಾನು ನಕ್ಕು, "ಅವುನು ಅತ್ತಯ್ಯಗಾರು" ಎಂದು ತಲೆಯಾಡಿಸಿ ಪಾರಾಗುತ್ತಿದ್ದೆ. ನನಗೆ ತೆಲುಗು ಹಿಡಿತಕ್ಕೆ ಸಿಗುವ ಹೊತ್ತಿಗೆ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಹವ್ಯಾಸಿ ರೇಡಿಯೋ ಅವರ ಹುಚ್ಚು. ಪರವಾನಗಿ ಪಡೆದು, ಮನೆಯಲ್ಲೇ ರೇಡಿಯೋ ಇಟ್ಟುಕೊಂಡು, ಮುಖವನ್ನೇ ನೋಡಿರದ ದೂರದೇಶದವರ ಜೊತೆ ಹರಟುತ್ತಿದ್ದರು. ದನಿ ಹೋದ ಮೇಲೂ ಅವರಿಗೊಂದು ದಾರಿ ಉಳಿದಿತ್ತು: ಮೋರ್ಸ್. ಗಿಡ್ಡ ದನಿ, ಉದ್ದ ದನಿ ಸೇರಿಸಿ ಅಕ್ಷರ ಕಳಿಸುವ ಹಳೆಯ ಟೆಲಿಗ್ರಾಫ್ ಭಾಷೆ. ಸ್ಲೇಟಿನಲ್ಲಿ ಬರೆಯಲು ಅವರಿಗೆ ತಾಳ್ಮೆಯಿರಲಿಲ್ಲ. ಒಮ್ಮೆ ರಜೆಗೆ ವಿಜಯವಾಡಕ್ಕೆ ಹೋದಾಗ ನನ್ನ ಅಂಗೈ ಎಳೆದುಕೊಂಡು ಬೆರಳಿನಿಂದ ಒತ್ತತೊಡಗಿದರು. ಮುಟ್ಟಿ ಬಿಟ್ಟರೆ ಚುಕ್ಕೆ, ಒತ್ತಿ ಹಿಡಿದರೆ ಗೆರೆ. ನಾನು ವಿಶಾಖಪಟ್ಟಣದ ಹತ್ತಿರ ದುವ್ವಾಡದ ಒಂದು ಘಟಕದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವವಳು, ಕುತೂಹಲಕ್ಕೆ ಕಲಿತೆ. ಕಲಿಯುತ್ತಾ ಹೋದಂತೆ ಗೊತ್ತಾಯಿತು, ಅತ್ತೆ ಎಷ್ಟು ತಮಾಷೆಯ ಹೆಂಗಸು ಅಂತ. ನಾನು ಮಾಡಿದ ಮೊದಲ ಸಾರಿನ ಬಗ್ಗೆ, ಮಗನ ಗೊರಕೆಯ ಬಗ್ಗೆ, ನಾನು ಅರ್ಥವಾದಂತೆ ನಟಿಸುತ್ತಿದ್ದುದು ಅವರಿಗೆ ಗೊತ್ತಿದ್ದುದರ ಬಗ್ಗೆ, ಎಲ್ಲ ಬೆರಳಲ್ಲೇ ಹೇಳಿದರು. ನಾನೂ ಪರೀಕ್ಷೆ ಬರೆದು ಪರವಾನಗಿ ಪಡೆದೆ.

ಆದರೆ ಅವರು ವಿಜಯವಾಡದಲ್ಲಿ, ನಾನು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ಅವರ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದಾಗ, ತಾರಸಿಯ ಮೇಲೆ ಉದ್ದನೆಯ ಆಂಟೆನಾ ತಂತಿ ಎಳೆಯಲು ಅಸೋಸಿಯೇಷನ್‌ನವರು ಒಪ್ಪಲಿಲ್ಲ. ಉಳಿದದ್ದು ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ. ಅದರ ಮಾತು ಊರು ದಾಟುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ವಿಶಾಖಪಟ್ಟಣದ ಋಷಿಕೊಂಡದ ಕಡೆಯ ಒಂದು ಕಾಲೇಜಿನ ವಿದ್ಯಾರ್ಥಿಗಳು ಹವ್ಯಾಸಿ ರೇಡಿಯೋಗೆಂದೇ ಒಂದು ಪುಟ್ಟ ಉಪಗ್ರಹ ಮಾಡಲು ಹೊರಟರು. ಊಟದ ಡಬ್ಬಿಯಷ್ಟು ದೊಡ್ಡದು, ಸಣ್ಣ ರೇಡಿಯೋದ ಮಾತನ್ನೂ ಮೇಲಿನಿಂದ ದೂರದ ಊರುಗಳಿಗೆ ತಲುಪಿಸುವಂಥದ್ದು. ಬೋರ್ಡು ಪರೀಕ್ಷೆಗೆ ನನ್ನ ಸಹಾಯ ಕೇಳಿದರು. ಅತ್ತೆಗೆ ತಿಳಿಸಿದೆ. ಅಂದಿನಿಂದ ಬೆಳಿಗ್ಗೆ ನಾನು ಕಂಪನಿ ಬಸ್ಸು ಹತ್ತುವ ಮೊದಲೇ ಫೋನಿಗೆ ಒಂದು ಹೊಸ ಯೋಚನೆ ಬಂದಿರುತ್ತಿತ್ತು. ಒಳಗೊಂದು ಅಯಸ್ಕಾಂತ ಇಟ್ಟರೆ ಸಾಕು, ಮೋಟಾರಿಲ್ಲದೆ ದಿಕ್ಸೂಚಿಯ ಹಾಗೆ ತಾನೇ ದಿಕ್ಕು ಹಿಡಿಯುತ್ತದೆ. ಆಂಟೆನಾಕ್ಕೆ ಬಡಗಿಯ ಉಕ್ಕಿನ ಅಳತೆಪಟ್ಟಿ ಕತ್ತರಿಸಿ ಡಬ್ಬಿಗೆ ಸುತ್ತಿ ನೈಲಾನ್ ದಾರದಲ್ಲಿ ಕಟ್ಟಿ. ಮೇಲೆ ಹೋದ ಮೇಲೆ ತಂತಿ ಕಾಯಿಸಿ ದಾರ ಸುಟ್ಟರೆ ಪಟ್ಟಿ ಸೆಟೆದು ನಿಲ್ಲುತ್ತದೆ. ಇದನ್ನು ಬಾಲ್ಕನಿಯಲ್ಲಿ ತಾವೇ ಮಾಡಿ ನೋಡಿದರು. ಪಟ್ಟಿ ಚಿಮ್ಮಿ ಪಕ್ಕದ ಮನೆಯವರು ಒಣಗಲು ಇಟ್ಟಿದ್ದ ಸಂಡಿಗೆಯೆಲ್ಲ ನೆಲದ ಪಾಲಾಯಿತಂತೆ. "ಪ್ರಯೋಗ ಯಶಸ್ವಿ" ಎಂದು ಬರೆದಿದ್ದರು.

ಅವರಿಗೆ ನಿಜವಾಗಿ ಬೇಕಾಗಿದ್ದುದು ಬೇರೆ. ನೆಲದಿಂದ ಬಂದ ಸಂಕೇತವನ್ನು ಉಪಗ್ರಹ ವಾಪಸು ಕಳಿಸುವುದಕ್ಕೆ ಎರಡು ರೀತಿ ಇದೆ. ಒಂದು ಎಫ್‌ಎಂ: ಯಾರ ಬಳಿ ಅಗ್ಗದ ಕೈರೇಡಿಯೋ ಇದ್ದರೂ ಮಾತಾಡಬಹುದು, ಆದರೆ ಒಂದು ಸಲಕ್ಕೆ ಒಬ್ಬರೇ, ಇಬ್ಬರು ಸೇರಿದರೆ ಜೋರಿದ್ದವರು ಗೆಲ್ಲುತ್ತಾರೆ. ಇನ್ನೊಂದರಲ್ಲಿ ಉಪಗ್ರಹ ಒಂದಿಷ್ಟು ಅಗಲದ ತರಂಗಪಟ್ಟಿಯನ್ನು ಇಡಿಯಾಗಿ ಎತ್ತಿ ಮರಳಿಸುತ್ತದೆ. ಅದರಲ್ಲಿ ಹಲವರು ಒಟ್ಟಿಗೆ ಮಾತಾಡಬಹುದು. ಮೂಲೆಯಲ್ಲಿ ಒಂದು ಕ್ಷೀಣ ಮೋರ್ಸ್ ಕೂಡ ನುಸುಳಬಹುದು. ಅತ್ತೆ ಕೇಳಿದ್ದು ಎರಡನೆಯದನ್ನು.

ಅದನ್ನು ಮುಖಾಮುಖಿ ಹೇಳಲೆಂದೇ ರೈಲು ಹತ್ತಿ ಬಂದರು. ದುವ್ವಾಡದಲ್ಲಿ ಇಳಿದವರನ್ನು ನಾನೇ ಕರೆದುಕೊಂಡು ಹೋದೆ. ಕತ್ತಿಗೆ ರೇಷ್ಮೆ ವಸ್ತ್ರ ಸುತ್ತಿದ್ದರು, ಉಸಿರಾಟದ ರಂಧ್ರ ಕಾಣದ ಹಾಗೆ. ಕಾಲೇಜಿನ ಕೋಣೆಯ ಬಿಳಿ ಹಲಗೆಯ ಮೇಲೆ ಪಾಠ ಮಾಡಿದ ಹಾಗೆ ಇಡೀ ಸರ್ಕ್ಯೂಟ್ ಬಿಡಿಸಿದರು. ಮಾರ್ಗದರ್ಶಕ ಪ್ರಾಧ್ಯಾಪಕರು ಗೌರವದಿಂದಲೇ ಕೇಳಿಸಿಕೊಂಡರು.

"ಮೇಡಂ, ಎಫ್‌ಎಂ ಇದ್ದರೆ ಶಾಲೆಯ ಮಗು ಕೂಡ ಬಂದು ಮಾತಾಡಬಹುದು. ನಮ್ಮ ಉದ್ದೇಶವೇ ಅದು."

ಅತ್ತೆ ಹಲಗೆಯ ಮೇಲೆ ಬರೆದರು: "ಮಾತು ಬಾರದ ಮಗು?"

ಆಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು, ಅಂಜುತ್ತಲೇ, ವಿದ್ಯುತ್ತಿನ ಲೆಕ್ಕ ತೋರಿಸಿದಳು. ಇಷ್ಟು ಪುಟ್ಟ ಡಬ್ಬಿಯ ಸೌರಫಲಕ ಕೊಡುವ ವಿದ್ಯುತ್ತು ಇಷ್ಟೇ. ಭೂಮಿಯ ನೆರಳಿಗೆ ಹೋದಾಗ ಬ್ಯಾಟರಿಯೊಂದೇ ಗತಿ. ಅತ್ತೆಯ ಸರ್ಕ್ಯೂಟ್ ಅಷ್ಟನ್ನೂ ತಿಂದುಹಾಕುತ್ತದೆ. ನಾನು ವಾದಿಸಿದೆ: ಕೆಲವು ಹೊತ್ತು ಮಾತ್ರ ಚಾಲೂ ಇಡೋಣ, ಶಕ್ತಿ ಇಳಿಸೋಣ. ಒಂದೊಂದಕ್ಕೂ ಅವಳ ಬಳಿ ಉತ್ತರವಿತ್ತು. ಆಗ ಮೇಜಿನ ಕೆಳಗೆ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬೆರಳು ನಿಧಾನವಾಗಿ ಒತ್ತಿತು: ಅವಳ ಲೆಕ್ಕ ಸರಿಯಿದೆ, ಬಿಡು.

ಎದ್ದು ಹೋಗಿ ತಮ್ಮ ಚಿತ್ರವನ್ನು ತಾವೇ ಒರೆಸಿದರು.

ಕೊನೆಗೆ ಎಫ್‌ಎಂ ಉಪಗ್ರಹವೇ ಬೇರೆ ದೊಡ್ಡ ಉಪಗ್ರಹಗಳ ಜೊತೆಗೆ ಮೇಲೇರಿತು. ಅಳತೆಪಟ್ಟಿಗಳು ಬಿಚ್ಚಿಕೊಂಡವು, ಅಯಸ್ಕಾಂತ ದಿಕ್ಕು ಹಿಡಿಯಿತು. ನಾನು ಕಾಲೋನಿಯ ತಾರಸಿಯಲ್ಲಿ, ಅತ್ತೆ ವಿಜಯವಾಡದ ತಾರಸಿಯಲ್ಲಿ, ಕೈಯಲ್ಲಿ ಪುಟ್ಟ ಆಂಟೆನಾ ಹಿಡಿದು ನಿಂತೆವು. ಅವರು ಮೈಕಿಗೆ ಬಜರ್ ಹಿಡಿದು ಮೋರ್ಸ್ ಒತ್ತುತ್ತಿದ್ದರು. ಉಪಗ್ರಹ ತಲೆಯ ಮೇಲಿರುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಎಲ್ಲೆಲ್ಲಿಂದಲೋ ಗಂಡಸರು ಪರವಾನಗಿಯ ಜೊತೆ ಸಿಕ್ಕ ಗುರುತಿನ ಅಕ್ಷರಗಳನ್ನು, ತಮ್ಮ ಕರೆಸಂಕೇತವನ್ನು, ಕೂಗುತ್ತಿದ್ದರು. ಅವರ ಕೂಗಿನ ನಡುವೆ ಅತ್ತೆಯ ಒಂದು ಅಕ್ಷರ, ಅರ್ಧ ಅಕ್ಷರ ಕೇಳಿ ಮುಳುಗಿ ಹೋಗುತ್ತಿತ್ತು. ಕೂಗಿದವರಿಗೆ ಅಲ್ಲೊಬ್ಬರು ಇದ್ದಾರೆಂಬುದೇ ತಿಳಿಯುತ್ತಿರಲಿಲ್ಲ. "ಸಂತೆ" ಎಂದು ಅತ್ತೆ ಆಮೇಲೆ ಮೆಸೇಜು ಕಳಿಸುತ್ತಿದ್ದರು. ಬರಬರುತ್ತಾ ಅದನ್ನೂ ನಿಲ್ಲಿಸಿದರು.

ಒಂದು ಕೆಲಸದ ದಿನ ಬೆಳಿಗ್ಗೆ, ನಾನು ಬಸ್ಸಿನಲ್ಲಿದ್ದಾಗ, ಫೋನಿನ ರೇಡಿಯೋ ಗುಂಪಿನಲ್ಲಿ ಯಾರೋ ಬರೆದರು: ಇವತ್ತು ಚಾನೆಲ್ ಖಾಲಿಯಿತ್ತು, ಯಾರೋ ಅತ್ಯಂತ ಅಚ್ಚುಕಟ್ಟಾದ ಮೋರ್ಸ್ ಕಳಿಸಿದರು, ಒಂದೇ ಕರೆಸಂಕೇತವನ್ನು ಮತ್ತೆ ಮತ್ತೆ ಕರೆಯುತ್ತಿದ್ದರು. ಆ ಕರೆಸಂಕೇತ ನನ್ನದು. ನನ್ನ ರೇಡಿಯೋ ಮನೆಯ ಕಪಾಟಿನಲ್ಲಿತ್ತು. ಸಂಜೆ ಅತ್ತೆಗೆ ವಿಡಿಯೋ ಕರೆ ಮಾಡಿದರೆ ಆ ಮಾತೇ ಎತ್ತಲಿಲ್ಲ. ಮೊಮ್ಮಗಳ ಜಡೆ ತೋರಿಸು ಎಂದು ಕೈಸನ್ನೆ ಮಾಡಿದರು.

ಉಪಗ್ರಹದ ಬ್ಯಾಟರಿ ಕ್ಷೀಣಿಸಿ ಅದು ಮೌನವಾಯಿತು. ಅದಾಗಿ ಬಹಳ ದಿನ ಕಳೆಯುವ ಮೊದಲೇ ಅತ್ತೆಯ ಕಾಯಿಲೆ ಮರುಕಳಿಸಿತು. ವಿಜಯವಾಡದ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದಾಗ ಕೇಳಿದೆ: "ಅತ್ತಯ್ಯಗಾರು, ಆವತ್ತು ನಾನು ಸಿಕ್ಕಿದ್ದರೆ ಏನು ಹೇಳುತ್ತಿದ್ದಿರಿ?"

ಅವರ ಬೆರಳಲ್ಲಿ ಬಲವಿರಲಿಲ್ಲ, ಆದರೆ ಅಕ್ಷರ ತಪ್ಪಲಿಲ್ಲ. ಸಿಗ್ನಲ್ ಹೇಗಿದೆ ಅಂತ. ಇಲ್ಲಿ ಮೋಡ ಅಂತ. ರೇಡಿಯೋದಲ್ಲಿ ಮತ್ತೇನು ಹೇಳುತ್ತಾರೆ ಅಂತ.

ಅವರು ಹೋಗಿ ಈಗ ಕೆಲವು ವರ್ಷಗಳಾದವು. ಸೌರಫಲಕಗಳು ಆಮೇಲೆ ಸುಧಾರಿಸಿವೆ. ಮಡಿಸಿ ಇಟ್ಟು ಮೇಲೆ ಬಿಚ್ಚಿಕೊಳ್ಳುವ ಫಲಕಗಳನ್ನು ಈಗ ಇದೇ ಅಳತೆಯ ಡಬ್ಬಿಗೂ ಕೂರಿಸಬಹುದು. ಆ ವಿದ್ಯುತ್ತಿನಲ್ಲಿ ಅತ್ತೆಯ ಸರ್ಕ್ಯೂಟ್ ನಡೆಯುತ್ತದೆ. ನಾನೇ ಬೋರ್ಡು ಮಾಡಿ, ಪರೀಕ್ಷಿಸಿ, ಕಾಲೇಜಿಗೆ ಒಯ್ದು ತೋರಿಸಿದೆ. ಹಳೆಯ ತಂಡದವರು ಓದು ಮುಗಿಸಿ ಹೋಗಿದ್ದರು. ಹೊಸ ತಂಡದ ಹುಡುಗಿ ಮನಸ್ಸಿಟ್ಟು ಕೇಳಿ, "ಚೆನ್ನಾಗಿದೆ ಅಕ್ಕಾ. ಆದರೆ ಈಗ ಮೋರ್ಸ್ ಯಾರು ಬಳಸುತ್ತಾರೆ?" ಎಂದಳು.

ಒಬ್ಬರಿದ್ದರು ಎಂದು ಹೇಳಬಹುದಿತ್ತು. ಹೊಸ ತಂಡದವರು ಈ ಸಲ ಉಪಗ್ರಹದಲ್ಲಿ ಕ್ಯಾಮೆರಾ ಕಳಿಸುತ್ತಿದ್ದಾರೆ. ಅದರ ಬ್ಯಾಟರಿ ಚಾರ್ಜಿಂಗ್ ಬೋರ್ಡನ್ನು ನಾನು ನೋಡಿಕೊಡುತ್ತಿದ್ದೇನೆ.